ಫಿಟ್ಸ್ ಬಾರದ ದಿನಗಳ ಲೆಕ್ಕ: ಅಪಸ್ಮಾರವಿರುವವರಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಅಪಸ್ಮಾರ ಇರುವವರನ್ನು ವೈದ್ಯರು ಕೇಳುವುದೂ ನೆಂಟರು ಕೇಳುವುದೂ ಒಂದೇ ಪ್ರಶ್ನೆ: “ಈಚೆಗೆ ಫಿಟ್ಸ್ ಬಂದಿತ್ತಾ?” ಇಲ್ಲ ಎಂದರೆ ವೈದ್ಯರು ಹಳೆಯ ಚೀಟಿಯನ್ನೇ ಮುಂದುವರಿಸುತ್ತಾರೆ, ನೆಂಟರು ಬೇರೆ ಮಾತಿಗೆ ಹೊರಳುತ್ತಾರೆ. ತಿಂಗಳಿಗೊಮ್ಮೆ ಎರಡು ನಿಮಿಷ ಸೆಳೆತ ಬರುವ ವ್ಯಕ್ತಿ ತಿಂಗಳ ಉಳಿದ ದಿನಗಳನ್ನೂ ಬದುಕಬೇಕಾಗುತ್ತದೆ. ಮಾತ್ರೆಯ ಮಂಪರಿನಿಂದ ಬೆಳಿಗ್ಗೆ ಏಳಲಾಗದಿರುವುದು, ಪೇಟೆಗೆ ಒಬ್ಬರೇ ಹೋಗಲು ಮನೆಯವರು ಬಿಡದಿರುವುದು, ಓದಿದ್ದು ನೆನಪಿನಲ್ಲಿ ನಿಲ್ಲದಿರುವುದು, ಎಲ್ಲಿ ಯಾರ ಎದುರು ಬಿದ್ದೇನೋ ಎಂಬ ಅಂಜಿಕೆ, ಇವುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆ ಲೆಕ್ಕವನ್ನು ಇಡುವುದು ಹೇಗೆ, ಇಟ್ಟ ಮೇಲೆ ಏನೇನು ತಿದ್ದಿಕೊಳ್ಳಬಹುದು ಎಂಬುದನ್ನು ಕೇರಳದ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆಯಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ. ಸರಿಯಾದ ರೋಗನಿರ್ಣಯವೂ ಔಷಧಿಯೂ ದೊರೆತರೆ ಅವರಲ್ಲಿ ನೂರಕ್ಕೆ 70ರಷ್ಟು ಮಂದಿ ಸೆಳೆತವಿಲ್ಲದೆ ಬದುಕಬಲ್ಲರು. ಸೆಳೆತ ನಿಂತ ಮಾತ್ರಕ್ಕೆ ಬದುಕು ತಾನಾಗಿ ಹಸನಾಗುವುದಿಲ್ಲ ಎಂಬುದನ್ನು ವೈದ್ಯಲೋಕವೂ ಒಪ್ಪಿಕೊಂಡಿದೆ. 1990ರ ದಶಕದಲ್ಲಿ ರೂಪುಗೊಂಡ ಕ್ಯೂಒಎಲ್‌ಐಇ-31 ಎಂಬ ಬದುಕಿನ ಗುಣಮಟ್ಟ ಅಳೆಯುವ 31 ಪ್ರಶ್ನೆಗಳ ಪಟ್ಟಿ ಏಳು ವಿಷಯಗಳನ್ನು ಕೇಳುತ್ತದೆ: ಸೆಳೆತದ ಭಯ, ಒಟ್ಟಾರೆ ಬದುಕಿನ ತೃಪ್ತಿ, ಮನಸ್ಸಿನ ಸ್ಥಿತಿ, ಚೈತನ್ಯ ಅಥವಾ ಆಯಾಸ, ನೆನಪು ಮತ್ತು ಯೋಚನಾಶಕ್ತಿ, ಔಷಧಿಯ ಪರಿಣಾಮ, ಜನರೊಂದಿಗಿನ ಒಡನಾಟ. ಸಂಶೋಧನೆಗಾಗಿ ಮಾಡಿದ ಈ ಪಟ್ಟಿಯನ್ನು ಮನೆಯಲ್ಲಿ ತುಂಬಿಸುವ ಅಗತ್ಯವಿಲ್ಲ. ಆ ಏಳು ವಿಷಯಗಳು ಗೊತ್ತಿದ್ದರೆ ಸಾಕು.

ಮೊದಲ ಹೆಜ್ಜೆ: ಒಂದು ತಿಂಗಳ ದಾಖಲೆ

ಸೊಸೈಟಿಯವರು ಕೊಡುವ ದೊಡ್ಡ ಚೌಕಗಳ ಗೋಡೆ ಕ್ಯಾಲೆಂಡರ್ ಈ ಕೆಲಸಕ್ಕೆ ಧಾರಾಳ ಸಾಕು. ಪ್ರತಿ ಚೌಕದಲ್ಲಿ ರಾತ್ರಿ ಮಲಗುವ ಮುನ್ನ ನಾಲ್ಕು ಸಂಗತಿ ಬರೆಯಬೇಕು: ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆಯಾಯಿತು; ಬೆಳಗಿನ ಮತ್ತು ರಾತ್ರಿಯ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಯಿತೇ; ದಿನ ಹೇಗಿತ್ತು ಎಂಬುದಕ್ಕೆ ಐದರಲ್ಲಿ ಒಂದು ಅಂಕ; ರೋಗದ ಕಾರಣದಿಂದ ಆ ದಿನ ಮಾಡದೆ ಬಿಟ್ಟ ಕೆಲಸ ಯಾವುದು. ಸೆಳೆತ ಬಂದ ದಿನ ಕೆಂಪು ಶಾಯಿಯಲ್ಲಿ ಹೊತ್ತು, ಅವಧಿ, ಮುನ್ಸೂಚನೆ, ಆಮೇಲೆ ಎಷ್ಟು ಹೊತ್ತು ಮಂಕು ಕವಿದಿತ್ತು ಎಂಬುದನ್ನು ಸೇರಿಸಬೇಕು. ಮಹಿಳೆಯರು ಮುಟ್ಟಿನ ದಿನಗಳನ್ನೂ ಗುರುತಿಸಬೇಕು, ಏಕೆಂದರೆ ಕೆಲವರಲ್ಲಿ ಸೆಳೆತ ಆ ದಿನಗಳ ಸುತ್ತ ಹೆಚ್ಚುತ್ತದೆ ಮತ್ತು ಇದು ಬರೆಯದೆ ಗೊತ್ತಾಗುವುದಿಲ್ಲ.

ಒಂದು ಚೌಕ ಹೀಗಿರಬಹುದು: “5 ಗಂಟೆ. ರಾತ್ರಿ ಮಾತ್ರೆ 11ಕ್ಕೆ. 2 ಅಂಕ. ಮಗಳ ಶಾಲೆಯ ಮೀಟಿಂಗಿಗೆ ಹೋಗಲಿಲ್ಲ, ಅಲ್ಲಿ ಬಿದ್ದರೆ ಎಂದು.” ಸೆಳೆತದ ಸುದ್ದಿಯೇ ಇಲ್ಲದ ಈ ಚೌಕ ಚಿಕಿತ್ಸೆಗೆ ಬೇಕಾದ ಮೂರು ಸಂಗತಿಗಳನ್ನು ಹೇಳುತ್ತದೆ: ನಿದ್ದೆ ಕಡಿಮೆಯಾಗಿದೆ, ಮಾತ್ರೆ ತಡವಾಗಿದೆ, ಭಯ ಒಂದು ಕೆಲಸವನ್ನು ಕಿತ್ತುಕೊಂಡಿದೆ. ತಿಂಗಳ ಕೊನೆಗೆ “ಬಿಟ್ಟ ಕೆಲಸಗಳ” ಸಾಲನ್ನು ಒಟ್ಟಿಗೆ ಓದಿ ನೋಡಿ. ನನ್ನ ಮಟ್ಟಿಗೆ ಇಡೀ ದಾಖಲೆಯಲ್ಲಿ ಬೆಲೆಬಾಳುವ ಸಾಲು ಅದೇ. ಮುಂದಿನ ಹೆಜ್ಜೆಗಳಲ್ಲಿ ಅದು ಮತ್ತೆಮತ್ತೆ ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ವೈದ್ಯರ ಎದುರು ಹೇಳಬೇಕಾದದ್ದನ್ನು ಹೇಳುವುದು

ನಮ್ಮ ಕಡೆಯ ರೋಗಿ ಮನೆಯಲ್ಲಿ ತುಳುವನ್ನೋ ಹವ್ಯಕ ಭಾಷೆಯನ್ನೋ ಕೊಂಕಣಿ, ಮರಾಠಿಯನ್ನೋ ಆಡುತ್ತಾನೆ, ಶಾಲೆಯಲ್ಲಿ ಕನ್ನಡ ಓದಿರುತ್ತಾನೆ, ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಮಲಯಾಳದಲ್ಲಿ ರೋಗ ವಿವರಿಸಬೇಕಾಗುತ್ತದೆ. ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಭಾಷೆ ಸಲೀಸು, ಆದರೆ ಚೀಟಿ, ಸ್ಕ್ಯಾನು, ಔಷಧಿ ಎಲ್ಲವೂ ಎರಡು ರಾಜ್ಯಗಳಲ್ಲಿ ಹಂಚಿಹೋಗುತ್ತವೆ. ಆದುದರಿಂದ ಹೇಳಬೇಕಾದದ್ದನ್ನು ಮೊದಲೇ ಬರೆದುಕೊಂಡು ಹೋಗುವುದು ಒಳ್ಳೆಯದು. ಒಂದು ಹಾಳೆಯಲ್ಲಿ ಈಗಿನ ಔಷಧಿಗಳ ಹೆಸರು ಮತ್ತು ಪ್ರಮಾಣ, ಹಿಂದೆ ತೆಗೆದುಕೊಂಡು ಬಿಟ್ಟ ಔಷಧಿ ಮತ್ತು ಬಿಡಲು ಕಾರಣ, ಮೊದಲ ಸೆಳೆತದ ವಯಸ್ಸು, ಹೆರಿಗೆಯ ಹೊತ್ತಿನ ತೊಂದರೆ ಅಥವಾ ತಲೆಗೆ ಬಿದ್ದ ಪೆಟ್ಟು ಇದ್ದರೆ ಅದು, ಇಷ್ಟು ಬರೆದು ಕೊನೆಯಲ್ಲಿ ಕ್ಯಾಲೆಂಡರಿನಿಂದ ಆಯ್ದ ಮೂರು ತೊಂದರೆಗಳನ್ನು ಸೇರಿಸಿ. ಎಂಟು ಹತ್ತು ತೊಂದರೆ ಹೇಳಿದರೆ ಒಂದೂ ಕಿವಿಗೆ ಬೀಳದು. ಮಲಯಾಳದಲ್ಲಿ ಕಾಯಿಲೆಯ ಹೆಸರು ಅಪಸ್ಮಾರಂ, ಆಡುಮಾತಿನಲ್ಲಿ ಚುಳಲಿ. ಆಸ್ಪತ್ರೆಯ ಸಾಲಿನಲ್ಲಿ ಇಷ್ಟು ತಿಳಿದಿದ್ದರೆ ಕೆಲಸ ನಡೆಯುತ್ತದೆ.

ಮೊಬೈಲಿನಲ್ಲಿ ತೆಗೆದ ವೀಡಿಯೊ ನೂರು ಮಾತಿಗಿಂತ ಉಪಕಾರಿ. ಸೆಳೆತ ಬಂದಾಗ ಒಬ್ಬರು ರೋಗಿಯ ಆರೈಕೆ ಮಾಡುತ್ತಿದ್ದರೆ ಇನ್ನೊಬ್ಬರು ಮುಖ, ಕಣ್ಣು, ಎರಡೂ ಕೈಕಾಲು ಕಾಣುವಂತೆ ಚಿತ್ರಿಸಬೇಕು; ಮುಗಿದ ಮೇಲೆ ಹೆಸರು ಕೇಳಿ, ಉತ್ತರ ಬರುವವರೆಗೂ ಚಿತ್ರೀಕರಣ ನಿಲ್ಲಿಸಬಾರದು. ಬಿದ್ದು ಕೈಕಾಲು ಬಡಿಯುವುದೊಂದೇ ಅಪಸ್ಮಾರವಲ್ಲ. ಕೆಲವು ಕ್ಷಣ ಶೂನ್ಯದತ್ತ ದಿಟ್ಟಿಸುವುದು, ತುಟಿ ಚಪ್ಪರಿಸುವುದು, ಅಂಗಿಯ ಗುಂಡಿಯನ್ನು ಸುಮ್ಮನೆ ತಡಕುವುದು ಇವೂ ಸೆಳೆತದ ರೂಪಗಳೇ. ಮಾನಸಿಕ ಒತ್ತಡದಿಂದ ಬರುವ, ಹೊರನೋಟಕ್ಕೆ ಫಿಟ್ಸಿನಂತೆಯೇ ಕಾಣುವ ಇನ್ನೊಂದು ತೊಂದರೆಗೆ ಅಪಸ್ಮಾರದ ಔಷಧಿ ನಾಟುವುದಿಲ್ಲ. ಇವುಗಳನ್ನು ಬೇರ್ಪಡಿಸಲು ವೀಡಿಯೊ ನೆರವಾಗುತ್ತದೆ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳ ಓದುಗರಿಗೆ ಇಲ್ಲೊಂದು ಮಾತು. ಸರಕಾರಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ನರಮಂಡಲಕ್ಕೆ ತಾಗುವ ವಿಷ; ಹೆಚ್ಚಿನ ಪ್ರಮಾಣದಲ್ಲಿ ದೇಹ ಸೇರಿದರೆ ಅದು ಸೆಳೆತ ತರಿಸುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ಆ ದಾಖಲೆಯನ್ನು ಪ್ರತಿ ಭೇಟಿಯಲ್ಲೂ ಒಯ್ಯಬೇಕು. ಹಾಗೆಂದು “ಇದು ಎಂಡೋಸಲ್ಫಾನಿನದ್ದು, ಮಾಡುವಂಥದ್ದೇನೂ ಇಲ್ಲ” ಎಂದು ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ, ಎಂಆರ್‌ಐ ಪರೀಕ್ಷೆಗಳನ್ನು ಕೈಬಿಡುವುದು ತಪ್ಪು. ಮೂಲ ಯಾವುದೇ ಇರಲಿ, ಸೆಳೆತ ಯಾವ ವಿಧದ್ದು ಎಂದು ನೋಡಿಯೇ ಔಷಧಿ ಆರಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಈ ಒಂದು ಮಾತೇ ಮಗುವಿನ ಚಿಕಿತ್ಸೆಯನ್ನು ವರ್ಷಗಟ್ಟಲೆ ಹಿಂದೆ ಹಾಕಿದೆ ಎಂಬುದು ನನ್ನ ಭಾವನೆ.

ಮೂರನೆಯ ಹೆಜ್ಜೆ: ಮಾತ್ರೆಯೊಂದಿಗೆ ರಾಜಿ

ಮಾತ್ರೆ ತಪ್ಪುವುದು ಸೆಳೆತ ಮರುಕಳಿಸಲು ಇರುವ ದೊಡ್ಡ ಕಾರಣಗಳಲ್ಲಿ ಒಂದು. ವಾರದ ಏಳು ದಿನಗಳ ಹೆಸರಿರುವ ಪ್ಲಾಸ್ಟಿಕ್ ಡಬ್ಬಿ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಭಾನುವಾರ ಅದನ್ನು ತುಂಬಿಸಿಟ್ಟರೆ ತೆಗೆದುಕೊಂಡೆನೋ ಇಲ್ಲವೋ ಎಂಬ ಗೊಂದಲ ಇರುವುದಿಲ್ಲ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳುವುದು, ಮುಂದಿನ ಹೊತ್ತು ಹತ್ತಿರವಾಗಿದ್ದರೆ ಎರಡನ್ನೂ ಒಟ್ಟಿಗೆ ನುಂಗದಿರುವುದು ಸಾಮಾನ್ಯ ನಿಯಮ. ನಿಮ್ಮ ಔಷಧಿಗೆ ಬೇರೆ ನಿಯಮವಿದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ.

ಸಹಿಸಿಕೊಂಡು ಸುಮ್ಮನಿರುವುದು ಇಲ್ಲಿ ಸದ್ಗುಣವಲ್ಲ. ಫೆನಿಟಾಯಿನ್ ವಸಡು ಊದಿಸಬಹುದು. ವಾಲ್‌ಪ್ರೋಯೇಟ್ ತೂಕ ಹೆಚ್ಚಿಸಿ, ಕೂದಲು ಉದುರಿಸಿ, ಕೈ ನಡುಗಿಸಬಹುದು. ಲೆವೆಟಿರಾಸಿಟಮ್ ಕೆಲವರನ್ನು ಸಿಡುಕರನ್ನಾಗಿ ಮಾಡುತ್ತದೆ. ಟೋಪಿರಮೇಟ್ ತೆಗೆದುಕೊಳ್ಳುವವರಿಗೆ ಬಾಯಿಗೆ ಬರಬೇಕಾದ ಪದವೇ ಸಿಗದಂತಾಗಬಹುದು. ಕಾರ್ಬಮೆಜೆಪಿನ್ ಅಥವಾ ಲಾಮೊಟ್ರಿಜಿನ್ ಆರಂಭಿಸಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು ಎದ್ದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. “ಆತ ಈಚೆಗೆ ಸುಮ್ಮಸುಮ್ಮನೆ ರೇಗುತ್ತಾನೆ” ಎಂದು ಹೆಂಡತಿ ಹೇಳುವ ಮಾತು ಮಾತ್ರೆಯ ಅಡ್ಡಪರಿಣಾಮದ ವರದಿಯಾಗಿರಬಹುದು, ಅದನ್ನು ವೈದ್ಯರಿಗೆ ತಲುಪಿಸಬೇಕು. ಪ್ರಮಾಣ ಇಳಿಸುವುದು, ಹೊತ್ತು ಬದಲಿಸುವುದು, ಬೇರೆ ಔಷಧಿಗೆ ಹೋಗುವುದು ಎಲ್ಲಕ್ಕೂ ಅವಕಾಶವಿದೆ. ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದಕ್ಕೆ ಮಾತ್ರ ಇಲ್ಲ. ಹಾಗೆ ನಿಲ್ಲಿಸಿದರೆ ಬಿಡದೆ ಬರುವ ಸೆಳೆತ ಶುರುವಾಗಿ ಜೀವಕ್ಕೇ ಅಪಾಯವಾಗಬಹುದು.

ಎರಡು ವಾರದಷ್ಟು ಮಾತ್ರೆ ಸದಾ ಮನೆಯಲ್ಲಿ ಹೆಚ್ಚುವರಿಯಾಗಿರಲಿ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನಿನ ನೆಪದಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಬಸ್ಸು ನಿಲ್ಲುವುದಕ್ಕಂತೂ ಲಾಕ್‌ಡೌನ್ ಬೇಕಾಗಿಲ್ಲ. ಬೆಲೆಯ ಹೊರೆ ತಗ್ಗಿಸಲು ಸರಕಾರಿ ಆಸ್ಪತ್ರೆಯ ಔಷಧಾಲಯ, ಕಾರುಣ್ಯ ಫಾರ್ಮಸಿ, ಜನೌಷಧಿ ಕೇಂದ್ರಗಳನ್ನು ವಿಚಾರಿಸಿ. ಒಮ್ಮೆ ಒಂದು ಕಂಪನಿಯ ಮಾತ್ರೆಗೆ ಹೊಂದಿಕೊಂಡ ಮೇಲೆ ತಿಂಗಳಿಗೊಂದು ಕಂಪನಿ ಬದಲಿಸುವುದು ಒಳ್ಳೆಯದಲ್ಲ.

ಬೇರೆ ಕಾಯಿಲೆಗೆ ಔಷಧಿ ಕೊಳ್ಳುವಾಗ ಅಪಸ್ಮಾರವಿದೆಯೆಂದು ಹೇಳಲೇಬೇಕು. ನೋವಿಗೆ ಕೊಡುವ ಟ್ರಮಡಾಲ್, ಸೋಂಕಿಗೆ ಕೊಡುವ ಸಿಪ್ರೊಫ್ಲೊಕ್ಸಾಸಿನ್ ಜಾತಿಯ ಔಷಧಿಗಳು ಸೆಳೆತವನ್ನು ಕೆರಳಿಸಬಲ್ಲವು. ನೆಗಡಿಗೆ ಹಬೆ ತೆಗೆದುಕೊಳ್ಳುವಾಗ ಹಾಕುವ ನೀಲಗಿರಿ ಎಣ್ಣೆ, ಹಚ್ಚುವ ಮುಲಾಮುಗಳಲ್ಲಿರುವ ಕರ್ಪೂರ ಇವುಗಳಿಗೂ ಈ ಗುಣವಿದೆ. ಇದನ್ನು ತಿಳಿದವರು ಕಡಿಮೆ. ಹೆಸರು ಬರೆಯದ ಪೊಟ್ಟಣದ ಪುಡಿಗಳನ್ನು, ಕೊಟ್ಟವರು ಎಷ್ಟೇ ಹೆಸರುವಾಸಿಯಾಗಿದ್ದರೂ, ತೆಗೆದುಕೊಳ್ಳಬಾರದು; ಒಳಗೇನಿದೆ ಎಂದು ತಿಳಿಯದೆ ಅದು ಈಗಿನ ಮಾತ್ರೆಗೆ ಹೊಂದುತ್ತದೆಯೇ ಎಂದು ಯಾರೂ ಹೇಳಲಾರರು.

ನಾಲ್ಕನೆಯ ಹೆಜ್ಜೆ: ಮನೆಯನ್ನು ಒಮ್ಮೆ ಸುತ್ತಿ ನೋಡುವುದು

ಬಚ್ಚಲಿನಿಂದ ಆರಂಭಿಸಿ. ಹಳೆಯ ಮನೆಗಳಲ್ಲಿ ಬಚ್ಚಲ ಬಾಗಿಲಿಗೆ ಒಳಗಿನಿಂದ ಅಗುಳಿ ಇರುತ್ತದೆ, ಬಾಗಿಲು ಒಳಕ್ಕೇ ತೆರೆಯುತ್ತದೆ, ಒಂದು ಮೂಲೆಯಲ್ಲಿ ಒಲೆಯ ಮೇಲೆ ಕುದಿಯುವ ಹಂಡೆ ಇರುತ್ತದೆ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗಿ, ಹೊರಗಿನವರು ತಳ್ಳಿದರೂ ತೆರೆಯದಂತಾಗುತ್ತದೆ. ಅಗುಳಿಯನ್ನು ತೆಗೆದು, ಒಳಗೆ ಜನರಿದ್ದಾರೆ ಎಂದು ತೋರಿಸಲು ಹೊರಗಿನ ಮೊಳೆಗೆ ಒಂದು ಬೈರಾಸು (ಟವೆಲು) ನೇತುಹಾಕುವ ರೂಢಿ ಮಾಡಿಕೊಳ್ಳಿ. ಸಾಧ್ಯವಾದರೆ ಬಡಗಿಯನ್ನು ಕರೆಸಿ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿ. ಬಿಸಿನೀರನ್ನು ಬೇರೆಯವರು ಬಕೆಟಿಗೆ ತೋಡಿ ಹದ ಮಾಡಿಕೊಡಲಿ, ಸ್ನಾನ ಸ್ಟೂಲಿನ ಮೇಲೆ ಕುಳಿತು ನಡೆಯಲಿ.

ತಲೆಗೆ ಬಿಸಿನೀರು ಹೊಯ್ದಾಗಲೇ ಸೆಳೆತ ಬರುವ ಒಂದು ವಿಧವಿದೆ. ಜಗತ್ತಿನ ಬೇರೆ ಕಡೆ ಅಪರೂಪವಾದ ಇದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿದೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಬಗ್ಗೆ ದಶಕಗಳಿಂದ ಅಧ್ಯಯನ ನಡೆಸಿದೆ. ಎಣ್ಣೆ ಹಚ್ಚಿ ಹಂಡೆಯ ನೀರನ್ನು ಚೊಂಬುಚೊಂಬಾಗಿ ನೆತ್ತಿಗೆ ಸುರಿಯುವ ನಮ್ಮ ಸ್ನಾನದ ಕ್ರಮಕ್ಕೆ ಸರಿಯಾಗಿ ಹೊಂದುವ ಕಾಯಿಲೆ ಇದು. ಕ್ಯಾಲೆಂಡರಿನಲ್ಲಿ ಕೆಂಪು ಗುರುತುಗಳು ತಲೆಸ್ನಾನದ ದಿನಗಳಲ್ಲೇ ಬೀಳುತ್ತಿದ್ದರೆ ವೈದ್ಯರಿಗೆ ಅದನ್ನು ತೋರಿಸಿ. ಎಷ್ಟೋ ಮಂದಿಗೆ ಉಗುರುಬೆಚ್ಚಗಿನ ನೀರಿನಲ್ಲಿ ತಲೆಸ್ನಾನ ಮಾಡುವುದರಿಂದಲೇ ತೊಂದರೆ ತಗ್ಗುತ್ತದೆ. ಕೆಲವರಿಗೆ ತಲೆಸ್ನಾನದ ಒಂದೂವರೆ ಎರಡು ಗಂಟೆ ಮುಂಚೆ ಮಾತ್ರ ಕ್ಲೋಬಜಾಮ್ ಮಾತ್ರೆ ಕೊಡುತ್ತಾರೆ, ದಿನವೂ ಔಷಧಿ ಬೇಕಾಗುವುದಿಲ್ಲ.

ಆಮೇಲೆ ಅಂಗಳಕ್ಕೆ ಬನ್ನಿ. ಬಾವಿಗೆ ಸೊಂಟದೆತ್ತರದ ಕಟ್ಟೆಯೂ ಕಬ್ಬಿಣದ ಜಾಲರಿಯೂ ಇರಬೇಕು, ಹಗ್ಗದಿಂದ ನೀರು ಸೇದುವ ಕೆಲಸ ಬೇರೆಯವರದಾಗಲಿ. ತೋಟದ ಕೆರೆ, ಮಳೆನೀರು ನಿಲ್ಲುವ ಮದಕ, ನೀರಿಗಾಗಿ ಕೊರೆದ ಸುರಂಗದ ಬಾಯಿ ಇವುಗಳ ಬಳಿ ಒಬ್ಬರೇ ಹೋಗಬಾರದು. ಸೆಳೆತದ ಹೊತ್ತಿನಲ್ಲಿ ಮೊಣಕಾಲುದ್ದದ ನೀರೂ ಸಾವಿಗೆ ಸಾಕು. ಅಡುಗೆಮನೆಯಲ್ಲಿ ಸೌದೆ ಒಲೆಗಿಂತ ಗ್ಯಾಸ್, ಗ್ಯಾಸಿಗಿಂತ ಇಂಡಕ್ಷನ್ ಒಲೆ ಸುರಕ್ಷಿತ. ಮಲಗುವ ಮಂಚ ತಗ್ಗಾಗಿರಲಿ. ರಾತ್ರಿ ನಿದ್ದೆಯಲ್ಲಿ ದೊಡ್ಡ ಸೆಳೆತ ಬರುವವರ ಕೋಣೆಯಲ್ಲಿ ಇನ್ನೊಬ್ಬರು ಮಲಗುವುದು ಒಳ್ಳೆಯದು. ಅಪಸ್ಮಾರವಿರುವ ವಯಸ್ಕರಲ್ಲಿ ವರ್ಷಕ್ಕೆ ಸಾವಿರದಲ್ಲಿ ಸುಮಾರು ಒಬ್ಬರು, ಬೇರಾವ ಕಾರಣವೂ ಕಾಣದಂತೆ, ಹೆಚ್ಚಾಗಿ ರಾತ್ರಿ ಹೊತ್ತು ಹಠಾತ್ತಾಗಿ ತೀರಿಕೊಳ್ಳುತ್ತಾರೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ದೊಡ್ಡ ಸೆಳೆತಗಳು ಹತೋಟಿಗೆ ಬಂದರೆ ಈ ಅಪಾಯವೂ ಇಳಿಯುತ್ತದೆ ಎಂಬುದೇ ಮಾತ್ರೆ ತಪ್ಪಿಸದಿರಲು ದೊಡ್ಡ ಕಾರಣ.

ಸೆಳೆತ ಬಂದಾಗ ಮಾಡಬೇಕಾದದ್ದನ್ನು ಬರೆದು ಚಾವಡಿಯ ಗೋಡೆಗೆ ಅಂಟಿಸಿ. ಗಡಿಯಾರ ನೋಡಿಕೊಳ್ಳಬೇಕು, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ ತಲೆಯ ಕೆಳಗೆ ಮೆತ್ತಗಿನದ್ದೇನಾದರೂ ಇಡಬೇಕು, ಕತ್ತಿನ ಗುಂಡಿ ಸಡಿಲಿಸಿ ಮಗ್ಗುಲಿಗೆ ಹೊರಳಿಸಬೇಕು, ಪೂರ್ತಿ ಎಚ್ಚರವಾಗುವವರೆಗೆ ಜತೆಗಿರಬೇಕು. ಕೈಕಾಲು ಅದುಮಿ ಹಿಡಿಯಬಾರದು, ಬಾಯಿಗೆ ಚಮಚ, ಬಟ್ಟೆ, ನೀರು ಯಾವುದನ್ನೂ ಹಾಕಬಾರದು. ಕೈಗೆ ಕಬ್ಬಿಣದ ಬೀಗದಕೈ ಕೊಡುವುದರಿಂದಾಗಲಿ ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದರಿಂದಾಗಲಿ ಸೆಳೆತ ನಿಲ್ಲುವುದಿಲ್ಲ. ಹೆಚ್ಚಿನ ಸೆಳೆತಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ, ಬೀಗದಕೈಗೆ ಹೆಸರು ಬರುತ್ತದೆ, ಅಷ್ಟೇ. ಐದು ನಿಮಿಷ ಮೀರಿದರೆ, ಎಚ್ಚರವಾಗದೆ ಮತ್ತೊಂದು ಬಂದರೆ, ನೀರಿನಲ್ಲಿ ಬಂದರೆ, ಪೆಟ್ಟಾದರೆ, ಗರ್ಭಿಣಿಯಾಗಿದ್ದರೆ, ಜೀವಮಾನದಲ್ಲಿ ಮೊದಲ ಸಲವಾಗಿದ್ದರೆ 108ಕ್ಕೆ ಕರೆ ಮಾಡಬೇಕು. ಪೇಟೆಯಿಂದ ದೂರದ ಮನೆಯವರು ಮೂಗಿಗೆ ಹಾಕುವ ಮಿಡಜೋಲಾಮ್ ಸ್ಪ್ರೇ ಬಗ್ಗೆ ವೈದ್ಯರನ್ನು ಕೇಳಿ, ಎಷ್ಟು ಸಲ ಒತ್ತಬೇಕೆಂದು ಬರೆಸಿಕೊಂಡು ಬರುವುದು ಲೇಸು.

ಐದನೆಯ ಹೆಜ್ಜೆ: ನಿದ್ದೆ, ಆಟ, ಉಪವಾಸ

ನಿದ್ದೆಗೆಟ್ಟರೆ ಸೆಳೆತ ಬರುವ ಸಂಭವ ಹೆಚ್ಚುತ್ತದೆ. ಯಕ್ಷಗಾನ ಬಯಲಾಟ, ಕೋಲ, ತೆಯ್ಯಂ ಎಂದು ಬೇಸಿಗೆಯುದ್ದಕ್ಕೂ ರಾತ್ರಿ ಜಾಗರಣೆ ಇರುವ ಊರಿನಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ. ಆಟಕ್ಕೆ ಹೋಗಲೇಬಾರದು ಎಂಬ ಕಟ್ಟಳೆಯನ್ನು ನಾನು ಒಪ್ಪುವುದಿಲ್ಲ. ರಾತ್ರಿಯ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಹೊತ್ತಿಗೆ ಸರಿಯಾಗಿ ನುಂಗಿ, ಒಂದು ಪ್ರಸಂಗ ನೋಡಿ ಹನ್ನೊಂದಕ್ಕೆ ಮನೆಗೆ ಮರಳಬಹುದು. ಈಗಂತೂ ಕಾಲಮಿತಿಯ ಆಟಗಳೇ ಬೇಕಾದಷ್ಟಿವೆ. ಏಕಾದಶಿಯ ನಿರಾಹಾರ, ರಂಜಾನ್ ಉಪವಾಸ ಇರುವವರು ಒಂದು ತಿಂಗಳು ಮುಂಚಿತವಾಗಿ ವೈದ್ಯರೊಂದಿಗೆ ಮಾತಾಡಿ ಮಾತ್ರೆಯ ಹೊತ್ತನ್ನು ಹೊಂದಿಸಿಕೊಳ್ಳಬೇಕು. ಹೊಂದಿಸಲಾಗದು ಎಂದರೆ ಉಪವಾಸವನ್ನೇ ಬಿಡಬೇಕು. ಕಳ್ಳು, ಸಾರಾಯಿಯ ವಿಷಯದಲ್ಲಿ ರಾಜಿಯಿಲ್ಲ. ಟಿವಿ, ಮೊಬೈಲಿನ ಮಿನುಗು ಬೆಳಕಿನಿಂದ ಸೆಳೆತ ಬರುವುದು ನೂರರಲ್ಲಿ ಮೂರು ಮಂದಿಗಷ್ಟೇ.

ಆರನೆಯ ಹೆಜ್ಜೆ: ನಿರ್ಬಂಧಗಳನ್ನು ಒಂದೊಂದಾಗಿ ಸಡಿಲಿಸುವುದು

ಕ್ಯಾಲೆಂಡರಿನ “ಬಿಟ್ಟ ಕೆಲಸಗಳ” ಸಾಲನ್ನು ಈಗ ತೆಗೆಯಿರಿ. ಅದನ್ನು ಮೂರು ಪಾಲು ಮಾಡಬೇಕು. ಮೊದಲನೆಯ ಪಾಲಿನಲ್ಲಿ ನಿಜವಾಗಿ ಅಪಾಯವಿರುವ, ಬಿಟ್ಟದ್ದೇ ಸರಿಯಾದ ಕೆಲಸಗಳು: ಅಡಿಕೆ ಮರ ಹತ್ತುವುದು, ಕೆರೆಯಲ್ಲಿ ಒಬ್ಬರೇ ಈಜುವುದು, ಬೈಕ್ ಓಡಿಸುವುದು. ಎರಡನೆಯದರಲ್ಲಿ ಜತೆಗೊಬ್ಬರಿದ್ದರೆ ಮಾಡಬಹುದಾದವು: ಅಂಗಳದ ಒಲೆಯ ಕೆಲಸ, ದೂರದ ಪ್ರಯಾಣ. ಮೂರನೆಯದರಲ್ಲಿ ಭಯದಿಂದಲೋ ನಾಚಿಕೆಯಿಂದಲೋ ಬಿಟ್ಟವು: ಮದುವೆ ಮನೆಯ ಊಟ, ಕುಟುಂಬಶ್ರೀ ಮಹಿಳಾ ಗುಂಪಿನ ಸಭೆ, ಗ್ರಂಥಾಲಯ, ಕುಂಬಳೆ ಪೇಟೆಗೆ ಬಸ್ಸಿನಲ್ಲಿ ಹೋಗಿಬರುವುದು. ಈ ಮೂರನೆಯ ಪಾಲು ಬಹುತೇಕ ಎಲ್ಲರಲ್ಲೂ ಉದ್ದವಾಗಿಯೇ ಇರುತ್ತದೆ. ಅದರಲ್ಲಿ ತಿಂಗಳಿಗೊಂದನ್ನು ಆರಿಸಿ ಮರಳಿ ಆರಂಭಿಸಿ. ಮೊದಲ ಸಲ ತಾಯಿಯೋ ಅಣ್ಣನೋ ಜತೆಗೆ ಬರಲಿ, ಎರಡನೆಯ ಸಲ ಅದೇ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತುಕೊಳ್ಳಲಿ, ಮೂರನೆಯ ಸಲ ನಿಲ್ದಾಣದಲ್ಲಿ ಕಾಯಲಿ. ಜೇಬಿನಲ್ಲಿ ಹೆಸರು, ಕಾಯಿಲೆ, ಔಷಧಿ, ಮನೆಯವರ ಫೋನ್ ನಂಬರು ಇರುವ ಚೀಟಿ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಇರಬೇಕು. ತಾಯಂದಿರಿಗೆ ಇದು ಕಷ್ಟದ ಕೆಲಸ. ಮಗನನ್ನು ಕಣ್ಣೆದುರೇ ಇಟ್ಟುಕೊಳ್ಳುವುದು ಪ್ರೀತಿಯಿಂದಲೇ ಹೌದು, ಆದರೆ ಮೂವತ್ತರ ವಯಸ್ಸಿನಲ್ಲಿ ಒಬ್ಬನೇ ಅಂಗಡಿಗೆ ಹೋಗಲು ಬಾರದ ಗಂಡಸನ್ನು ತಯಾರುಮಾಡುವುದೂ ಅದೇ ಪ್ರೀತಿ.

ಅಪಸ್ಮಾರವಿರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಸೆಳೆತ ಪೂರ್ತಿ ನಿಲ್ಲದವರಲ್ಲಿ ಬದುಕಿನ ಗುಣಮಟ್ಟವನ್ನು ಸೆಳೆತಗಳ ಎಣಿಕೆಗಿಂತಲೂ ಖಿನ್ನತೆಯೇ ಹೆಚ್ಚು ಕುಗ್ಗಿಸುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಎರಡು ವಾರ ಸತತವಾಗಿ ದಿನದ ಅಂಕ ಎರಡನ್ನು ಮೀರದಿದ್ದರೆ, ಊಟ ನಿದ್ದೆ ಬೇಡವಾದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಾಯಿಗೆ ಬಂದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಖಿನ್ನತೆಗೆ ಕೊಡುವ ಬಹುಪಾಲು ಔಷಧಿಗಳನ್ನು ಅಪಸ್ಮಾರದ ಮಾತ್ರೆಗಳ ಜತೆ ಸುರಕ್ಷಿತವಾಗಿ ಕೊಡಬಹುದು. ತಕ್ಷಣ ಮಾತಾಡಲು ಜನ ಬೇಕೆನಿಸಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ.

ಏಳನೆಯ ಹೆಜ್ಜೆ: ಶಾಲೆ, ದುಡಿಮೆ, ವಾಹನ

ಶಾಲೆಯಲ್ಲಿ ತರಗತಿಯ ಅಧ್ಯಾಪಕರಿಗೂ ಪಕ್ಕದಲ್ಲಿ ಕೂರುವ ಇಬ್ಬರು ಮಕ್ಕಳಿಗೂ ಪ್ರಥಮ ಚಿಕಿತ್ಸೆ ತಿಳಿದಿರಬೇಕು. ಮುಚ್ಚಿಟ್ಟ ಕಾಯಿಲೆ ಹೊರಬೀಳುವುದು ಅಸೆಂಬ್ಲಿಯ ನಡುವೆಯೇ. ಆಗ ಮಗುವಿಗಾಗುವ ಅವಮಾನ ಸೆಳೆತಕ್ಕಿಂತ ದೊಡ್ಡದು. ಕಲಿಕೆಯಲ್ಲಿ ಹಿಂದುಳಿದರೆ ಮಗು ದಡ್ಡ ಎಂದು ತೀರ್ಮಾನಿಸುವ ಮುನ್ನ ಮಾತ್ರೆಯ ಮಂಪರು ಕಾರಣವೇ ಎಂದು ವಿಚಾರಿಸಿ.

ಕೆಲಸದ ಆಯ್ಕೆಯಲ್ಲಿ ಎತ್ತರ, ಬೆಂಕಿ, ನೀರು, ತಿರುಗುವ ಯಂತ್ರ ಈ ನಾಲ್ಕನ್ನು ಬಿಟ್ಟರೆ ಉಳಿದದ್ದು ವಿಶಾಲವಾಗಿಯೇ ಇದೆ. ಅಡಿಕೆ ತೋಟದಲ್ಲೇ ನೋಡಿ: ಮರ ಹತ್ತುವುದು ಕೂಡದು, ಹುಲ್ಲು ಕತ್ತರಿಸುವ ಯಂತ್ರವೂ ಬೇಡ, ಆದರೆ ನೆಲದ ಮೇಲೆ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಕೊಯ್ಯುವುದು, ಹೆಕ್ಕುವುದು, ಒಣಗಿಸುವುದು, ಲೆಕ್ಕ ಬರೆಯುವುದು ಎಲ್ಲವೂ ಆಗುತ್ತದೆ. ಹತ್ತಿರ ಕೆಲಸ ಮಾಡುವ ಒಬ್ಬರಿಗಾದರೂ ವಿಷಯ ತಿಳಿದಿರಲಿ.

ವಾಹನದ ವಿಷಯ ಕಹಿಯಾದರೂ ಸ್ಪಷ್ಟ. ಲೈಸೆನ್ಸಿಗೆ ಅರ್ಜಿ ಹಾಕುವಾಗ ತುಂಬುವ ಫಾರಂ 1ರಲ್ಲಿ ಅಪಸ್ಮಾರವಿದೆಯೇ ಎಂದು ನೇರವಾಗಿ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಸೆಳೆತವಿಲ್ಲದಿದ್ದರೆ ಕಾರು ಓಡಿಸಲು ಅನುಮತಿ ಸಿಗುತ್ತದೆ. ನಮ್ಮಲ್ಲಿ ಅಂಥ ರಿಯಾಯಿತಿಯ ನಿಯಮವಿಲ್ಲ. ಇದು ಬದಲಾಗಬೇಕು ಎಂದು ನಾನೂ ಬಯಸುತ್ತೇನೆ. ಆದರೆ ಸುಳ್ಳು ಬರೆದು ಹೆದ್ದಾರಿಗೆ ಇಳಿಯುವುದಕ್ಕೆ ಅದು ಸಮರ್ಥನೆಯಾಗದು.

ಎಂಟನೆಯ ಹೆಜ್ಜೆ: ಮದುವೆ ಮತ್ತು ಬಸಿರು

1955ರ ಹಿಂದೂ ವಿವಾಹ ಕಾಯಿದೆಗೆ 1976ರ ತಿದ್ದುಪಡಿಯಲ್ಲಿ ಅಪಸ್ಮಾರವೂ ಮದುವೆಗೆ ಅಡ್ಡಿಯೆಂದು ಸೇರಿಸಲಾಗಿತ್ತು. 1999ರಲ್ಲಿ ಅದನ್ನು ತೆಗೆದುಹಾಕಲಾಯಿತು. ಅಂದರೆ ಕಾನೂನಿನ ಅಡ್ಡಿ ಹೋಗಿ ಕಾಲು ಶತಮಾನವಾಯಿತು, ಮುಚ್ಚಿಟ್ಟು ಮದುವೆ ಮಾಡುವ ಅಭ್ಯಾಸ ಮಾತ್ರ ಉಳಿದಿದೆ. ಮಾತುಕತೆ ಮುಂದುವರಿಯುವ ಮೊದಲೇ ಹುಡುಗ ಹುಡುಗಿಯರಿಬ್ಬರೂ ಒಮ್ಮೆ ವೈದ್ಯರನ್ನು ಕಂಡು ಬರುವುದು ಉತ್ತಮ. ಮುಚ್ಚಿಟ್ಟ ಮನೆಯ ಸೊಸೆ ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ಮೊದಲ ತಿಂಗಳಲ್ಲೇ ಹೊತ್ತು ತಪ್ಪಿ ಸೆಳೆತ ಬರುತ್ತದೆ. ಹೆಚ್ಚಿನ ವಿಧದ ಅಪಸ್ಮಾರ ತಂದೆತಾಯಿಯಿಂದ ಮಕ್ಕಳಿಗೆ ಬರುವುದಿಲ್ಲ ಎಂಬುದನ್ನೂ ಆ ಭೇಟಿಯಲ್ಲೇ ಎರಡೂ ಕಡೆಯವರು ಕೇಳಿ ತಿಳಿಯಬಹುದು.

ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್‌ಪ್ರೋಯೇಟ್ ಬರೆದಿದ್ದರೆ ಬದಲಿ ಇದೆಯೇ ಎಂದು ಈಗಲೇ ಕೇಳಬೇಕು. ಬಸಿರಿನಲ್ಲಿ ಅದನ್ನು ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಹುಟ್ಟಿನಿಂದ ಅಂಗದೋಷ, 30ರಿಂದ 40 ಮಂದಿಗೆ ಬುದ್ಧಿಬೆಳವಣಿಗೆಯ ತೊಂದರೆ ಕಂಡುಬಂದಿದೆ. ಬಸಿರಾದದ್ದು ತಿಳಿದ ಮೇಲೆ ಗಾಬರಿಯಿಂದ ಮಾತ್ರೆ ನಿಲ್ಲಿಸುವುದು ತಾಯಿಗೂ ಮಗುವಿಗೂ ಅಪಾಯ. ಬದಲಾವಣೆ ಬಸಿರಿಗೆ ಮೊದಲೇ ಆಗಬೇಕು, ಫೋಲಿಕ್ ಆಮ್ಲವೂ ಮೊದಲೇ ಶುರುವಾಗಬೇಕು. ಫೆನಿಟಾಯಿನ್, ಕಾರ್ಬಮೆಜೆಪಿನ್ ತೆಗೆದುಕೊಳ್ಳುವವರಲ್ಲಿ ಗರ್ಭನಿರೋಧಕ ಗುಳಿಗೆ ಸರಿಯಾಗಿ ಕೆಲಸ ಮಾಡದಿರಬಹುದು. ಅಪಸ್ಮಾರವಿರುವ ಬಹುಪಾಲು ತಾಯಂದಿರು ಆರೋಗ್ಯವಂತ ಮಕ್ಕಳನ್ನೇ ಹೆರುತ್ತಾರೆ, ಮೊಲೆಹಾಲನ್ನೂ ಕೊಡಬಹುದು. ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ 1998ರಿಂದ ಇಂಥ ಬಸುರಿಯರ ದಾಖಲಾತಿ ನಡೆಯುತ್ತಿದ್ದು, ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ಕೆಲಸ ಅದು.

ಒಂಬತ್ತನೆಯ ಹೆಜ್ಜೆ: ಕಾಗದಪತ್ರ

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 21 ವಿಧಗಳ ಪಟ್ಟಿಯಲ್ಲಿ ಅಪಸ್ಮಾರದ ಹೆಸರು ಪ್ರತ್ಯೇಕವಾಗಿಲ್ಲ. ಜತೆಗೆ ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ ಮೊದಲಾದವು ಇದ್ದರೆ ಅವುಗಳ ಆಧಾರದಲ್ಲಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಆಸ್ಪತ್ರೆ ದಾಖಲಾತಿಯ ಖರ್ಚಿಗೆ ಕೇರಳದ ಕಾಸ್ಪ್ ಆರೋಗ್ಯ ನೆರವಿನ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಮಂಗಳೂರಿಗೆ ಹೊರಡುವ ಮೊದಲು ಆ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳಿ.

ಹತ್ತನೆಯ ಹೆಜ್ಜೆ: ಎರಡು ಔಷಧಿ ಸೋತರೆ

ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ತಕ್ಕ ಪ್ರಮಾಣದಲ್ಲಿ ತಪ್ಪದೆ ತೆಗೆದುಕೊಂಡರೂ ಸೆಳೆತ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಅಪಸ್ಮಾರ ಎನ್ನುತ್ತಾರೆ. ಮೂರನೆಯ, ನಾಲ್ಕನೆಯ ಮಾತ್ರೆಯಿಂದ ಪೂರ್ತಿ ಗುಣ ಸಿಗುವ ಸಂಭವ ಆಮೇಲೆ ಬಹಳ ಕಡಿಮೆ. ಹತ್ತು ವರ್ಷ ಹೀಗೇ ಕಳೆದವರು ನಮ್ಮ ಕಡೆ ಹಲವರಿದ್ದಾರೆ. ಅಪಸ್ಮಾರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕೆಂದು ಈ ಹಂತದಲ್ಲಿ ರೋಗಿಯೇ ಬಾಯಿಬಿಟ್ಟು ಕೇಳಬೇಕು. ಸೆಳೆತ ಮಿದುಳಿನ ಒಂದೇ ಜಾಗದಿಂದ, ಉದಾಹರಣೆಗೆ ಕಿವಿಯ ಮೇಲ್ಭಾಗದ ಟೆಂಪೊರಲ್ ಭಾಗದಿಂದ ಹುಟ್ಟುತ್ತಿದ್ದರೆ ಶಸ್ತ್ರಚಿಕಿತ್ಸೆಯಿಂದ ನಿಲ್ಲಿಸಲು ಸಾಧ್ಯ. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರಲ್ಲಿ ನೂರಕ್ಕೆ 58 ಮಂದಿ ಒಂದು ವರ್ಷದ ಬಳಿಕ ಪ್ರಜ್ಞೆ ತಪ್ಪಿಸುವ ಸೆಳೆತಗಳಿಂದ ಮುಕ್ತರಾಗಿದ್ದರು. ಔಷಧಿಯನ್ನಷ್ಟೇ ಮುಂದುವರಿಸಿದವರಲ್ಲಿ 8 ಮಂದಿ. ಶ್ರೀ ಚಿತ್ರಾ ಸಂಸ್ಥೆ 1995ರಿಂದ ಇಂಥ ಶಸ್ತ್ರಚಿಕಿತ್ಸೆ ಮಾಡುತ್ತಿದೆ. ಭಾಷೆಯ ದೃಷ್ಟಿಯಿಂದ ನಿಮ್ಹಾನ್ಸ್ ನಮಗೆ ಹತ್ತಿರ.

ತಿರುವನಂತಪುರಕ್ಕೆ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡುವುದಾದರೆ ಕೆಳಗಿನ ಬರ್ತ್ ಸಿಗುವಂತೆ ಬೇಗ ಕಾದಿರಿಸಬೇಕು. ನಿದ್ದೆಗೆಡುವ ಭಯವಿದ್ದರೆ ಹಗಲು ಓಡುವ ವಂದೇ ಭಾರತ್ ಇದೆ. ಎಂಆರ್‌ಐ ಚಿತ್ರಗಳ ಸಿಡಿ, ಇಇಜಿ ವರದಿಗಳು, ಮೊಬೈಲಿನ ವೀಡಿಯೊ, ಕ್ಯಾಲೆಂಡರಿನ ಹಾಳೆಗಳು, ಎಲ್ಲ ಔಷಧಿಗಳ ಪಟ್ಟಿ ಒಂದೇ ಚೀಲದಲ್ಲಿರಲಿ. ಜತೆಗೆ ಹೋಗುವವರು ಸೆಳೆತವನ್ನು ಕಣ್ಣಾರೆ ಕಂಡವರಾಗಿರಬೇಕು. ಸೆಳೆತದ ಚಿತ್ರವನ್ನೂ ಇಇಜಿಯನ್ನೂ ಒಟ್ಟಿಗೆ ದಾಖಲಿಸುವ ವೀಡಿಯೊ ಇಇಜಿಗಾಗಿ ಕೆಲವು ದಿನ ದಾಖಲಾಗಬೇಕಾಗಬಹುದು. ಅಲ್ಲಿ ಸೆಳೆತ ಬರಲೆಂದು ವೈದ್ಯರೇ ಮಾತ್ರೆ ತಗ್ಗಿಸುತ್ತಾರೆ ಎಂಬುದನ್ನು ಮನೆಯವರಿಗೆ ಹೊರಡುವ ಮುಂಚೆಯೇ ತಿಳಿಸಿರಬೇಕು.